ಜಯನಗರದ ರಕ್ತನಿಧಿಯಲ್ಲಿ ಪ್ಲೇಟ್‌ಲೆಟ್ ದಾನ: ಸೇವೆ ಚೆನ್ನಾಗಿದೆ, ಗೋಡೆಯ ಬರಹ ತಪ್ಪಿದೆ

ಜಯನಗರದ ಒಂದು ರಕ್ತನಿಧಿ ಕೇಂದ್ರಕ್ಕೆ ಕಳೆದ ಮಳೆಗಾಲದಲ್ಲಿ ಎರಡು ಬಾರಿ ಹೋಗಿ, ರಕ್ತಸ್ರಾವ ನಿಲ್ಲಿಸಲು ನೆರವಾಗುವ ರಕ್ತದ ಅಂಶವಾದ ಪ್ಲೇಟ್‌ಲೆಟ್ ಕೊಟ್ಟು ಬಂದಿದ್ದೇನೆ. ಮೆಚ್ಚುಗೆಯ ಜೊತೆಗೆ ಆಕ್ಷೇಪವೂ ಇರುವುದರಿಂದ ಕೇಂದ್ರದ ಹೆಸರನ್ನು ಬರೆಯುತ್ತಿಲ್ಲ. ಡೆಂಗಿ ಹೆಚ್ಚಾದ ದಿನಗಳಲ್ಲಿ ಇಂಥ ಕಡೆಯಿಂದ ಕರೆ ಬಂದು, ಹೋಗುವುದೋ ಬೇಡವೋ ಎಂದು ಅನುಮಾನಿಸುವವರಿಗೆ ಈ ವಿವರಗಳು ಉಪಯೋಗಕ್ಕೆ ಬರಬಹುದು.

ಊಟ ಮಾಡಿಕೊಂಡೇ ಬರಬೇಕೆಂದೂ, ಮೂರು ದಿನಗಳಿಂದ ಆಸ್ಪಿರಿನ್ ಮಾತ್ರೆ ತೆಗೆದುಕೊಂಡಿರಬಾರದೆಂದೂ ಫೋನಿನಲ್ಲಿಯೇ ತಿಳಿಸಿದ್ದರು. ಆಸ್ಪಿರಿನ್ ಪ್ಲೇಟ್‌ಲೆಟ್‌ಗಳ ಅಂಟುವ ಗುಣವನ್ನು ಕುಂದಿಸುವುದರಿಂದ ಈ ಪ್ರಶ್ನೆಯನ್ನು ಕೇಳದ ಕೇಂದ್ರವನ್ನು ನಾನು ನಂಬುವುದಿಲ್ಲ. ಮೊದಲು ಸ್ವಲ್ಪ ರಕ್ತ ತೆಗೆದು ಎಣಿಕೆ ನೋಡಿದರು. ಒಂದು ಮೈಕ್ರೋಲೀಟರಿಗೆ 1.5 ಲಕ್ಷಕ್ಕಿಂತ ಕಡಿಮೆ ಪ್ಲೇಟ್‌ಲೆಟ್ ಇದ್ದವರನ್ನು ಹಿಂದಕ್ಕೆ ಕಳುಹಿಸುತ್ತಾರೆ. ವರದಿ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಕಾಯುವ ಕೋಣೆಯಲ್ಲಿ ಫ್ಯಾನ್ ಒಂದೇ.

ಯಂತ್ರದ ಮುಂದೆ ಕಳೆದ ಎಪ್ಪತ್ತು ನಿಮಿಷಗಳ ಬಗ್ಗೆ ಮಾತ್ರ ದೂರಿಲ್ಲ. ಒಮ್ಮೆ ಬಳಸಿ ಎಸೆಯುವ ಕೊಳವೆಗಳ ಕಿಟ್ಟನ್ನು ನನ್ನೆದುರಿಗೇ ಒಡೆದು ಜೋಡಿಸಿದ ತಂತ್ರಜ್ಞೆ, ಕೇಳಿದ ಪ್ರಶ್ನೆಗಳಿಗೆಲ್ಲ ಬೇಸರವಿಲ್ಲದೆ ಉತ್ತರಿಸಿದರು. ತೋಳಿನಿಂದ ಹೊರಟ ರಕ್ತವನ್ನು ಯಂತ್ರವು ವೇಗವಾಗಿ ತಿರುಗಿಸುತ್ತದೆ; ತೂಕ ಹೆಚ್ಚಿರುವ ಕೆಂಪು ಕಣಗಳು ಅಂಚಿಗೆ ಸರಿಯುತ್ತವೆ, ಹಗುರವಾದ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ಒಳಗುಳಿಯುತ್ತದೆ, ಇವೆರಡರ ನಡುವೆ ಬಿಳಿಚಿದ ತೆಳುಪದರವೊಂದು ಮೂಡುತ್ತದೆ. ಆ ಪದರದಿಂದ ಪ್ಲೇಟ್‌ಲೆಟ್‌ಗಳನ್ನು ಒಂದಷ್ಟು ಪ್ಲಾಸ್ಮಾದೊಂದಿಗೆ ಹೀರಿಕೊಂಡು, ಮಿಕ್ಕಿದ್ದನ್ನು ಅದೇ ಸೂಜಿಯ ಮೂಲಕ ಮೈಗೆ ಹಿಂದಿರುಗಿಸುತ್ತಾರೆ. ಸುಮಾರು 120 ದಿನ ಬದುಕುವ ಕೆಂಪು ಕಣಗಳು ದಾನಿಗೇ ವಾಪಸಾಗುವುದರಿಂದ, ಸಾಮಾನ್ಯ ರಕ್ತದಾನದಲ್ಲಿ ಗಂಡಸರಿಗಿರುವ 90 ದಿನಗಳ ಹಾಗೂ ಹೆಂಗಸರಿಗಿರುವ 120 ದಿನಗಳ ಅಂತರ ಇಲ್ಲಿ ಬೇಕಾಗುವುದಿಲ್ಲ. 48 ಗಂಟೆಗಳ ನಂತರ ಮತ್ತೆ ಕೊಡಬಹುದು, ಆದರೆ ವರ್ಷಕ್ಕೆ 24 ಬಾರಿಗಿಂತ ಹೆಚ್ಚು ಸಲ್ಲದು. ಅರ್ಧದಾರಿಯಲ್ಲಿ ತುಟಿಯ ಸುತ್ತ ಜುಮುಗುಟ್ಟಿತು. ರಕ್ತ ಹೆಪ್ಪುಗಟ್ಟದಂತೆ ಬೆರೆಸುವ ಸಿಟ್ರೇಟ್ ರಕ್ತದಲ್ಲಿನ ಕ್ಯಾಲ್ಸಿಯಮ್ಮನ್ನು ಹಿಡಿದಿಡುವುದರಿಂದ ಹಾಗಾಗುತ್ತದಂತೆ. ಹೇಳಿದ ಕೂಡಲೇ ಯಂತ್ರದ ವೇಗ ತಗ್ಗಿಸಿ ಕ್ಯಾಲ್ಸಿಯಮ್ ಮಾತ್ರೆ ಕೊಟ್ಟರು.

ಕೊನೆಗೆ ತಂತ್ರಜ್ಞೆ ಪ್ಲೇಟ್‌ಲೆಟ್ ತುಂಬಿದ ಚೀಲವನ್ನು ಬೆಳಕಿಗೆ ಹಿಡಿದು ಮೆಲ್ಲನೆ ಅಲುಗಿಸಿ ತೋರಿಸಿದರು. ತಿಳಿಹಳದಿ ದ್ರವದೊಳಗೆ ರೇಷ್ಮೆಯ ಮಿನುಗಿನಂಥ ಸುಳಿಗಳು ಎದ್ದವು. ಪ್ಲೇಟ್‌ಲೆಟ್‌ಗಳು ಬಿಲ್ಲೆಯಾಕಾರ ಕಳೆದುಕೊಳ್ಳದೆ ಚೆನ್ನಾಗಿದ್ದರೆ ಮಾತ್ರ ಈ ಸುಳಿ ಕಾಣುತ್ತದೆ ಎಂಬುದನ್ನು ಅಲ್ಲಿಯೇ ಮೊದಲ ಬಾರಿಗೆ ತಿಳಿದೆ. ಇಂಥ ಒಂದು ಚೀಲ, ಐದಾರು ಮಂದಿ ಕೊಟ್ಟ ಸಾಮಾನ್ಯ ರಕ್ತದಿಂದ ಬೇರ್ಪಡಿಸುವಷ್ಟು ಪ್ಲೇಟ್‌ಲೆಟ್‌ಗೆ ಸಮ. ಕೆಂಪು ಕಣಗಳನ್ನು 2ರಿಂದ 6 ಡಿಗ್ರಿಯ ಶೀತಕದಲ್ಲಿ ಐದಾರು ವಾರ ಇಡಬಹುದು, ಪ್ಲಾಸ್ಮಾವನ್ನು ಮಂಜುಗಡ್ಡೆಯಂತೆ ಘನೀಕರಿಸಿ ಒಂದು ವರ್ಷ ಇಡಬಹುದು. ಪ್ಲೇಟ್‌ಲೆಟ್‌ಗಳನ್ನು ಮಾತ್ರ 20ರಿಂದ 24 ಡಿಗ್ರಿಯಲ್ಲಿ, ತೊಟ್ಟಿಲಂತೆ ತೂಗುವ ತಟ್ಟೆಯ ಮೇಲೆ, ಐದೇ ದಿನ ಇಡಲಾಗುತ್ತದೆ. ಕೇಂದ್ರದವರು ಪದೇ ಪದೇ ಫೋನ್ ಮಾಡುತ್ತಾರೆಂದು ಗೊಣಗುತ್ತಿದ್ದ ನಾನು, ಆ ತಟ್ಟೆಯನ್ನು ನೋಡಿದ ಮೇಲೆ ಗೊಣಗುವುದನ್ನು ಬಿಟ್ಟೆ.

ಇನ್ನು ಆಕ್ಷೇಪಗಳು. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ ಮಾತ್ರ ಇದೆ. ನನ್ನ ಪಕ್ಕದಲ್ಲಿದ್ದ ಆಟೋ ಚಾಲಕರು ಅದನ್ನು ಓದದೆಯೇ ಸಹಿ ಹಾಕಿದರು. ಮೈಯಿಂದ ರಕ್ತ ತೆಗೆಯುವ ಮುನ್ನ ಪಡೆಯುವ ಒಪ್ಪಿಗೆ ಹೀಗಿರಬಾರದು. ಕನ್ನಡದಲ್ಲಿ ಇರುವುದು ಗೋಡೆಯ ಮೇಲಿನ ದೊಡ್ಡ ಫಲಕವೊಂದೇ, ಅದರಲ್ಲಿಯೂ ತಪ್ಪು: ‘ಬಿಳಿ ರಕ್ತಕಣ ದಾನ ಮಾಡಿ, ಡೆಂಗಿ ರೋಗಿಯನ್ನು ಉಳಿಸಿ.’ ಬಿಳಿ ರಕ್ತಕಣಗಳೇ ಬೇರೆ, ಪ್ಲೇಟ್‌ಲೆಟ್‌ಗಳೇ ಬೇರೆ. ಮೈಕ್ರೋಲೀಟರಿಗೆ 4,000ದಿಂದ 11,000ದಷ್ಟಿರುವ ಬಿಳಿ ಕಣಗಳು ಸೋಂಕಿನೊಡನೆ ಹೋರಾಡುತ್ತವೆ. ಶಾಲೆಯ ಪುಸ್ತಕಗಳು ಕಿರುತಟ್ಟೆಗಳೆಂದು ಕರೆಯುವ ಪ್ಲೇಟ್‌ಲೆಟ್‌ಗಳು ಪೂರ್ಣ ಜೀವಕೋಶಗಳೂ ಅಲ್ಲ. ಮೂಳೆಮಜ್ಜೆಯ ದೈತ್ಯ ಕೋಶಗಳಿಂದ ಕಳಚಿಕೊಂಡ ತುಣುಕುಗಳು. ರಕ್ತನಾಳ ಒಡೆದಲ್ಲಿ ಅವು ಅಂಟಿ ಬಿರಡೆಯಾಗುತ್ತವೆ, ಪ್ಲಾಸ್ಮಾದಲ್ಲಿರುವ ಫೈಬ್ರಿನೋಜೆನ್ ಎಂಬ ಪ್ರೋಟೀನ್ ನೂಲಾಗಿ ಅದರ ಮೇಲೆ ಬಲೆ ನೇಯುತ್ತದೆ. ಡೆಂಗಿಯಲ್ಲಿ ಎರಡರ ಎಣಿಕೆಯೂ ಇಳಿಯುವುದರಿಂದ, ಮೇಲಾಗಿ ಎರಡೂ ಅದೇ ಬಿಳಿಚಿದ ಪದರದಲ್ಲಿ ಸೇರುವುದರಿಂದ, ಈ ಗೊಂದಲ ಹುಟ್ಟಿರಬೇಕು.

ಇದು ಬರೀ ಪದದ ತಕರಾರಲ್ಲ; ಚೀಲವೊಂದು ಸಿಕ್ಕರೆ ರೋಗಿ ಉಳಿದಂತೆಯೇ ಎಂಬ ನಂಬಿಕೆಯನ್ನೂ ಇಂಥ ಫಲಕ ಬೆಳೆಸುತ್ತದೆ. ನಮ್ಮ ಬೀದಿಯಲ್ಲಿ ಡೆಂಗಿ ರೋಗಿಯ ಪ್ಲೇಟ್‌ಲೆಟ್ ಎಣಿಕೆ 60,000ಕ್ಕೆ ಇಳಿಯಿತೆಂದರೆ ಸಾಕು, ಮನೆಯವರು ಪಪ್ಪಾಯಿ ಎಲೆಯ ರಸ ಹಿಂಡುತ್ತಾ, ಚೀಲಕ್ಕಾಗಿ ಓಡಾಡುತ್ತಾರೆ. ಡೆಂಗಿಯ ನಿಜವಾದ ಅಪಾಯ ಬಹುಮಟ್ಟಿಗೆ ಪ್ಲಾಸ್ಮಾ ರಕ್ತನಾಳಗಳಿಂದ ಹೊರಗೆ ಸೋರುವುದರಲ್ಲಿದೆ. ಆಗ ಉಳಿದ ರಕ್ತ ಗಟ್ಟಿಯಾಗಿ ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಏರುತ್ತದೆ, ವೈದ್ಯರು ಅದರ ಮೇಲೆ ಕಣ್ಣಿಟ್ಟಿರುತ್ತಾರೆ. ರಕ್ತಸ್ರಾವವಿಲ್ಲದವರಿಗೆ ಸಾಮಾನ್ಯವಾಗಿ 10,000ಕ್ಕಿಂತ ಕೆಳಗಿಳಿದಾಗ ಮಾತ್ರ ಪ್ಲೇಟ್‌ಲೆಟ್ ಕೊಡುತ್ತಾರೆ. ಇಷ್ಟನ್ನೂ ಅದೇ ಕೇಂದ್ರದ ವೈದ್ಯರು ಅಚ್ಚುಕಟ್ಟಾಗಿ ವಿವರಿಸಿದರು ಎಂಬುದೇ ವಿಚಿತ್ರ.

ದಾನದ ನಂತರ ಹದಿನೈದು ನಿಮಿಷ ಕೂರಿಸಿ ಬಿಸ್ಕತ್ತು, ಹಣ್ಣಿನ ರಸ ಕೊಡುತ್ತಾರೆ. ಗಾಡಿ ನಿಲ್ಲಿಸಲು ಜಾಗವಿಲ್ಲ, ಮೆಟ್ರೊದಲ್ಲಿ ಹೋಗುವುದೇ ವಾಸಿ. ಹೊರಡುವಾಗ ಫಲಕದ ವಿಷಯವನ್ನು ಕೌಂಟರಿನವರಿಗೆ ಹೇಳಿದೆ. “ಹಾಗಂದರೇನೇ ಸರ್ ಜನಕ್ಕೆ ಗೊತ್ತಾಗೋದು” ಎಂದರು. ಎರಡನೆಯ ಬಾರಿ ಹೋದಾಗಲೂ ಅದು ಅಲ್ಲಿಯೇ ಇತ್ತು. ಕೋಣೆಗೆ ಇನ್ನೊಂದು ಫ್ಯಾನ್ ಬಂದಿತ್ತು.