ಬಾಣೆಯ ಇಳಿಜಾರಿಗೆ ಅಡಿಕೆ ಹಾಳೆಯೇ ಸರಿ: ಹಾಳೆ, ಪ್ಲಾಸ್ಟಿಕ್ ಸ್ಲೆಡ್, ಗೊಬ್ಬರದ ಚೀಲ

ಕೊಡಗಿನಲ್ಲಿ ಹಿಮ ಬೀಳುವುದಿಲ್ಲ, ಆದರೆ ಇಳಿಜಾರಿಗೆ ಬರವಿಲ್ಲ. ಮನಾಲಿಯ ಹಿಮದಲ್ಲಿ ಮಕ್ಕಳು ಜಾರುವ ವಿಡಿಯೊ ನೋಡಿ ಪ್ಲಾಸ್ಟಿಕ್ ಸ್ಲೆಡ್ ತರಿಸಬೇಕು ಎಂದುಕೊಂಡವರು ಆ ದುಡ್ಡು ಉಳಿಸಿಕೊಳ್ಳಿ. ಮಳೆ ನಿಂತು ಹುಲ್ಲು ಒಣಗುವ ಡಿಸೆಂಬರ್‌ನಿಂದ ಫೆಬ್ರವರಿವರೆಗೆ, ಬಾಣೆಯ (ಗದ್ದೆಗೆ ಹೊಂದಿಕೊಂಡ ಹುಲ್ಲುಗಾವಲು) ಹುಲ್ಲಿನ ಮೇಲೆ ಹಾಳೆ, ಸ್ಲೆಡ್, ಚೀಲ ಮೂರನ್ನೂ ಜಾರಿಸಿ ನೋಡಿಯಾಗಿದೆ. ತೋಟದಲ್ಲಿ ಪುಕ್ಕಟೆ ಬಿದ್ದಿರುವ ಹಾಳೆಯೇ ಗೆದ್ದಿತು.

ಸ್ಲೆಡ್‌ಗೆ ಬಿದ್ದದ್ದು ಸಾವಿರದ ಇನ್ನೂರು ರೂಪಾಯಿ. ತೊಂದರೆ ಇರುವುದು ಅದರ ತಳದಲ್ಲಿ. ಅಲ್ಲಿ ಉದ್ದಕ್ಕೆ ಎರಡು ಏಣುಗಳಿವೆ. ಹಿಮದಲ್ಲಿ ಅವು ದಿಕ್ಕು ತಪ್ಪದಂತೆ ಕಾಯುತ್ತವೆ. ಉಜ್ಜುವಿಕೆಗೆ ಹಿಮ ತೆಳ್ಳಗೆ ಕರಗುವುದರಿಂದ ಜಾರುವುದೂ ಸಲೀಸು. ಒಣ ಹುಲ್ಲಿನಲ್ಲಿ ಆ ನೀರಿಲ್ಲ. ಮಗುವಿನ ಭಾರವೆಲ್ಲ ಎರಡು ಗೆರೆಗಳ ಮೇಲೆ ಕೂತು, ಏಣು ಹುಲ್ಲಿನ ಬುಡಕ್ಕೆ ಸಿಕ್ಕಿಕೊಳ್ಳುತ್ತದೆ. ನಾಲ್ಕೈದು ಮೀಟರ್ ಹೋಗಿ ಸ್ಲೆಡ್ ಗಕ್ಕನೆ ನಿಲ್ಲುತ್ತದೆ. ಮಗು ನಿಲ್ಲುವುದಿಲ್ಲ, ಮುಂದಕ್ಕೆ ಮುಗ್ಗರಿಸುತ್ತದೆ.

ಮೇಣದ ಬತ್ತಿ ಉಜ್ಜಿದರೆ ಎರಡು ಸಲ ಚೆನ್ನಾಗಿ ಓಡುತ್ತದೆ. ಮೂರನೆಯ ಸಲಕ್ಕೆ ಮೇಣಕ್ಕೆ ಕೆಂಪು ಮಣ್ಣು ಅಂಟಿ ತಳ ಉಪ್ಪುಕಾಗದದ ಹಾಗಾಗುತ್ತದೆ. ಹಾಗೆಂದು ಬೆಳಿಗ್ಗೆ ಏಳೂವರೆಗೆ, ಇಬ್ಬನಿ ಇರುವಾಗ ಒಯ್ದರೆ ತದ್ವಿರುದ್ಧ ತೊಂದರೆ: ಅದೇ ಸ್ಲೆಡ್ ನಿಲ್ಲುವುದೇ ಇಲ್ಲ, ಹಿಮ್ಮಡಿ ಊರಿದರೆ ಹಿಮ್ಮಡಿಯೂ ಜಾರುತ್ತದೆ. ಮುಂದೆ ಕಟ್ಟಿದ ಹಗ್ಗ ತಳದಡಿ ಸೇರಿಕೊಳ್ಳುತ್ತದೆ, ಜಾರುವ ಮೊದಲು ಬಿಚ್ಚಲೇಬೇಕು.

ಹಾಳೆಗೆ ಏಣಿಲ್ಲ. ಹೊರಮೈ ನುಣುಪು, ನಾರು ಉದ್ದಕ್ಕೆ, ಭಾರ ಹರಡಿಕೊಳ್ಳುತ್ತದೆ. ಜಾರಿದಷ್ಟೂ ಮೆರುಗು ಬರುತ್ತದೆ. ಬಿದ್ದು ಎರಡು ಮೂರು ದಿನವಾದ, ಅಗಲವಾದ, ಸೀಳಿಲ್ಲದ ಹಾಳೆ ಆರಿಸಿ. ಒಣಗಿ ಸುರುಳಿಯಾಗಿದ್ದರೆ ಅರ್ಧ ಗಂಟೆ ನೀರಲ್ಲಿ ಮುಳುಗಿಸಿ, ಬಿಡಿಸಿ, ಅಂಚಿಗೆ ಕಲ್ಲು ಹೇರಿ. ನೆನೆಸದೆ ಬಿಡಿಸಿದರೆ ನಾರಿನ ಗುಂಟ ಸೀಳುತ್ತದೆ, ಆ ಸೀಳು ತೊಡೆಯ ಚರ್ಮವನ್ನು ಚಿವುಟುತ್ತದೆ. ಕೊಳೆರೋಗಕ್ಕೆ ಹೊಡೆದ ಮೈಲುತುತ್ತು-ಸುಣ್ಣದ ನೀಲಿ ಕಲೆ ಇದ್ದರೆ ತೊಳೆದೇ ಕೊಡಿ.

ಗರಿ ಸವರಿ ದಂಟನ್ನು ಒಂದೂವರೆ ಅಡಿ ಉಳಿಸಿ. ಕತ್ತಿಯಲ್ಲಿ ಓರೆಯಾಗಿ ಕಡಿದರೆ ತುದಿ ಚೂಪಾಗಿ ಎದೆಗೋ ಗಲ್ಲಕ್ಕೋ ಚುಚ್ಚುತ್ತದೆ. ನೇರವಾಗಿ ಕಡಿದು ಹಳೆ ಬಟ್ಟೆ ಸುತ್ತಿ. ದಂಟು ಮುಂದೆ ಬರುವಂತೆ ಕೂತು, ಎರಡೂ ಕೈಯಲ್ಲಿ ಅದನ್ನು ತನ್ನತ್ತ ಎಳೆದು ಹಿಡಿದರೆ ಮೂತಿ ಮೇಲೆದ್ದು ಹುಲ್ಲಿಗೆ ಸಿಕ್ಕಿಕೊಳ್ಳುವುದಿಲ್ಲ. ನಿಲ್ಲಿಸಲು ಹಿಮ್ಮಡಿ. ಹತ್ತು ಹನ್ನೆರಡು ಸಲಕ್ಕೆ ಕೂರುವ ಜಾಗ ತೆಳ್ಳಗಾಗುತ್ತದೆ, ಹಾಗಾಗಿ ಪಕ್ಕದಲ್ಲಿ ನಾಲ್ಕು ಹಾಳೆ ಇರಲಿ.

ಹತ್ತು ವರ್ಷ ದಾಟಿದವರು ಹಾಳೆಯಲ್ಲಿ ಹಿಡಿಸುವುದಿಲ್ಲ. ಅವರಿಗೆ ಚೆನ್ನಾಗಿ ತೊಳೆದ ಗೊಬ್ಬರದ ಚೀಲಕ್ಕೆ ಬತ್ತದ ಹುಲ್ಲು ತುಂಬಿ ಬಾಯಿ ಹೊಲಿದು ಕೊಡಿ. ಸೊಂಟಕ್ಕೆ ಹಿತ, ಆದರೆ ದಿಕ್ಕು ಹಿಡಿತಕ್ಕೆ ಸಿಗದು. ಸ್ನಾನದ ಟಬ್ ಬೇಡವೇ ಬೇಡ, ಗಿರ್ರನೆ ತಿರುಗಿ ಮಗುವನ್ನು ಬೆನ್ನು ಮುಂದಾಗಿ ಇಳಿಸುತ್ತದೆ.

ಯಾವುದರಲ್ಲಿ ಜಾರಿದರೂ ಜಾಗ ಮುಖ್ಯ. ಹದಿನೈದು ಮೀಟರ್ ಇಳಿಜಾರು, ಕೆಳಗೆ ಅಷ್ಟೇ ಉದ್ದದ ಸಮತಟ್ಟು ಸಾಕು. ಸಮತಟ್ಟಿನ ಕೊನೆಯಲ್ಲಿ ತಂತಿ ಬೇಲಿ, ಆನೆ ಕಂದಕ, ರಸ್ತೆ ಇದ್ದರೆ ಬೇರೆ ಬಾಣೆ ಹುಡುಕಿ. ಬೆಟ್ಟದ ತುದಿಗಳಾದ ಮಾಂದಲಪಟ್ಟಿ, ತಡಿಯಂಡಮೋಳ್‌ನ ಹುಲ್ಲು ಎಷ್ಟೇ ಕರೆದರೂ ಅಲ್ಲಿ ಬೇಡ, ಇಳಿಜಾರು ಮುಗಿಯುವುದು ಪ್ರಪಾತದಲ್ಲಿ. ಮೊದಲು ಕೋಲು ಹಿಡಿದು ಮೇಲಿನಿಂದ ಕೆಳಗೆ ನಡೆಯಿರಿ: ಹಳೆ ಗಿಡದ ಬುಡ, ಹುತ್ತ, ಕಲ್ಲು, ಮುಟ್ಟಿದರೆ ಮುನಿಯ ಮುಳ್ಳು, ಎಲ್ಲವೂ ಹುಲ್ಲಿನಲ್ಲಿ ಅಡಗಿರುತ್ತವೆ.

ಇಬ್ಬನಿ ಆರಿದ ಮೇಲೆ, ಹತ್ತು ಗಂಟೆಗೆ ಶುರು ಮಾಡಿ. ತಲೆಗೆ ಸೈಕಲ್ ಹೆಲ್ಮೆಟ್, ಕಾಲಿಗೆ ಶೂ, ಉದ್ದ ಪ್ಯಾಂಟ್. ಕಾಲು ಮುಂದಾಗಿ ಕೂತೇ ಜಾರಬೇಕು, ಮಕಾಡೆ ಮಲಗಿ ಅಲ್ಲ. ಒಬ್ಬರು ಕೆಳಗೆ ನಿಂತು ಕೈ ಎತ್ತಿದ ಮೇಲೆಯೇ ಮುಂದಿನ ಮಗು ಹೊರಡಲಿ, ಹತ್ತುವವರು ಅಂಚಿನಲ್ಲಿ ಹತ್ತಲಿ. ಐದು ವರ್ಷದೊಳಗಿನವರನ್ನು ಹಾಳೆಯ ಮೇಲೆ ಕೂರಿಸಿ ಕಣದಲ್ಲಿ ಎಳೆದಾಡಿಸಿ, ಅವರಿಗೆ ಅದೇ ಸಂಭ್ರಮ. ಮನೆಗೆ ಬಂದ ಕೂಡಲೇ ಮಂಡಿಯ ಹಿಂಭಾಗ, ಸೊಂಟದ ಪಟ್ಟಿ, ಕಿವಿಯ ಹಿಂದೆ ಉಣ್ಣಿ ಹತ್ತಿದೆಯೇ ನೋಡಿ.