ಕಾರ್ ಕೀ ಕವರ್ ಬದಲಿಸುವ ಮುಂಚೆ ಒಳಗಿನ ಚಿಪ್ ಎಲ್ಲಿದೆ ನೋಡಿಕೊಳ್ಳಿ

ರಿಮೋಟ್ ಕೀ ಸವೆದಿದೆ, ಬಟನ್ ರಬ್ಬರ್ ಹರಿದಿದೆ ಅಂತ ಆನ್‌ಲೈನ್‌ನಲ್ಲಿ ಖಾಲಿ ಕವರ್ ತರಿಸಿ ಮನೆಯಲ್ಲೇ ಬದಲಿಸುವವರು ದಯವಿಟ್ಟು ಇದನ್ನು ಓದಿ. ನನಗೆ ಕವರ್ ಮಾರಿದವರು "ಹಳೇದರಿಂದ ಬೋರ್ಡ್ ತೆಗೆದು ಹೊಸದಕ್ಕೆ ಹಾಕಿ, ಅಷ್ಟೇ" ಅಂದಿದ್ದರು. ಅವರು ಕಳಿಸಿದ ವಿಡಿಯೋದಲ್ಲೂ ಅಷ್ಟೇ ಇತ್ತು. ಚಿಪ್ ಅನ್ನುವ ಮಾತೇ ಇಲ್ಲ.

ಬೋರ್ಡ್ ಕೂತಿತು, ಸೆಲ್ ಕೂತಿತು, ಬಟನ್ ಒತ್ತಿದರೆ ಬಾಗಿಲು ಟಕ್ ಅಂತ ತೆರೆಯಿತು. ಆದರೆ ಕೀ ತಿರುಗಿಸಿದರೆ ಇಂಜಿನ್ ಸ್ಟಾರ್ಟ್ ಆಗಿ ಮರುಕ್ಷಣವೇ ಆಫ್. ಎಷ್ಟು ಸಲ ಮಾಡಿದರೂ ಅದೇ ಕಥೆ, ಮೀಟರ್‌ನಲ್ಲಿ ಕೀ ಚಿತ್ರದ ದೀಪ ಮಾತ್ರ ಮಿಟುಕುತ್ತಾ ಇತ್ತು. ಒಬ್ಬರು ಬ್ಯಾಟರಿ ವೀಕ್ ಅಂದರು, ಇನ್ನೊಬ್ಬರು ಪೆಟ್ರೋಲ್ ಪಂಪ್ ಹೋಗಿದೆ ಅಂದರು.

ವಿಷಯ ಅದಲ್ಲ. ಬಾಗಿಲು ತೆರೆಯುವುದೇ ಬೇರೆ, ಇಂಜಿನ್‌ಗೆ ಒಪ್ಪಿಗೆ ಕೊಡುವುದೇ ಬೇರೆ. ಬಾಗಿಲಿನ ಕೆಲಸ ಸೆಲ್‌ನಿಂದ ನಡೆಯುವ ರಿಮೋಟ್‌ದು. ಇಂಜಿನ್ ಕೆಲಸ ಇಮೊಬಿಲೈಸರ್ ಚಿಪ್‌ದು, ಅಂದರೆ ಗುರುತಿಲ್ಲದ ಕೀಯಿಂದ ಕಾರು ಓಡದಂತೆ ತಡೆಯುವ ವ್ಯವಸ್ಥೆಯ ಚಿಪ್. ಆ ಚಿಪ್‌ಗೆ ಸೆಲ್ಲೇ ಬೇಡ, ಕೀ ತೂರಿಸುವ ಜಾಗದ ಸುತ್ತ ಇರುವ ಕಾಯಿಲ್‌ನಿಂದಲೇ ಕರೆಂಟ್ ತಗೊಂಡು ತನ್ನ ಗುರುತು ಹೇಳುತ್ತದೆ. ಗುರುತು ಸಿಗದಿದ್ದರೆ ಕಾರು ಇಂಜಿನ್ ನಿಲ್ಲಿಸುತ್ತದೆ, ಕೆಲವು ಕಾರುಗಳಲ್ಲಿ ಸೆಲ್ಫ್ ಕೂಡ ಹೊಡೆಯುವುದಿಲ್ಲ. ಹಾಗಾಗಿ ರಿಮೋಟ್ ಕೆಲಸ ಮಾಡ್ತಿದೆ ಅಲ್ವಾ, ಕೀ ಸರಿ ಇದೆ ಅಂದುಕೊಳ್ಳಬೇಡಿ. ಇಂಥ ತೊಂದರೆಗೆ ಸುಮ್ನೆ ಹೊಸ ಸೆಲ್ ಹಾಕಿಯೂ ಪ್ರಯೋಜನ ಇಲ್ಲ.

ಕೆಲವು ಕೀಗಳಲ್ಲಿ ಈ ಚಿಪ್ ಬೋರ್ಡ್ ಮೇಲೆಯೇ ಇರುತ್ತದೆ, ಆಗ ಚಿಂತೆ ಕಡಿಮೆ. ಎಷ್ಟೋ ಕೀಗಳಲ್ಲಿ ಅದು ಬೇರೆಯಾಗಿ ಕವರ್‌ನ ಮೂಲೆಯಲ್ಲೋ ಬ್ಲೇಡ್‌ನ ಬುಡದಲ್ಲೋ ಅಂಟಿಕೊಂಡಿರುತ್ತದೆ. ಸಣ್ಣ ಕಪ್ಪು ತುಂಡು, ಇಲ್ಲವೇ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಗಾಜಿನ ಕೊಳವೆ. ಪ್ಲಾಸ್ಟಿಕ್‌ನ ಭಾಗವೇ ಅನ್ನಿಸುವಷ್ಟು ಅದರ ಜೊತೆ ಬೆರೆತಿರುತ್ತದೆ. ನನ್ನದು ಗಾಜಿನದು, ಹಳೇ ಕವರ್‌ನಲ್ಲೇ ಉಳಿದಿತ್ತು. ಮಾರಿದವರಿಗೆ ಫೋನ್ ಮಾಡಿದರೆ "ಸ್ಕ್ರೂಡ್ರೈವರ್‌ನಿಂದ ಮೀಟಿ ತೆಗೀರಿ" ಅಂದರು. ಮೀಟಿದ ಕೂಡಲೇ ಚಿಟ್ ಅಂತ ಎರಡು ತುಂಡಾಯಿತು, ಒಳಗಿನ ಕೂದಲೆಳೆಯಂಥ ತಾಮ್ರದ ತಂತಿ ಹೊರಗೆ ಬಂತು. ಆಮೇಲೆ ನೋಡಿದರೆ ಹೊಸ ಕವರ್‌ನಲ್ಲಿ ಅದನ್ನು ಇಡಲು ಜಾಗವೇ ಇರಲಿಲ್ಲ. ಕೊಳ್ಳುವವರಿಗೆ ಇದನ್ನು ಹೇಳದೆ ಮಾರುವುದು ನಿಜಕ್ಕೂ ತಪ್ಪು.

ಎರಡನೇ ಕೀ ಇದ್ದದ್ದರಿಂದ ಕಾರು ಓಡಿತು. ಹೊಸ ಚಿಪ್ ಹಾಕಿಸಿ, ಮೆಷಿನ್ ಇಟ್ಟು ಕಾರಿಗೆ ಅದರ ಗುರುತು ಕಲಿಸಬೇಕಾಯಿತು. ಕವರ್ ಬೆಲೆ ಅದರ ಮುಂದೆ ಏನೂ ಅಲ್ಲ. ಗುರುತಿರುವ ಕೀ ಒಂದೂ ಉಳಿಯದಿದ್ದರೆ ಈ ಕೆಲಸ ಇನ್ನೂ ಕಷ್ಟ, ಇನ್ನೂ ದುಬಾರಿ. ಇರುವುದು ಒಂದೇ ಕೀ ಆದರೆ ಅದನ್ನು ಮನೆಯಲ್ಲಿ ಬಿಚ್ಚಲೇಬೇಡಿ.

ಬರೀ ರಬ್ಬರ್ ಹರಿದಿದ್ದರೆ ಎಷ್ಟೋ ಮಾಡೆಲ್‌ಗಳಿಗೆ ರಬ್ಬರ್ ಪ್ಯಾಡ್ ಮಾತ್ರ ಸಿಗುತ್ತದೆ, ಪೂರ್ತಿ ಕವರ್ ಬೇಕಾಗಿಲ್ಲ. ಹರಿದ ಕಡೆ ಸೂಪರ್ ಗ್ಲೂ ಬಿಡಬೇಡಿ, ಅದು ಕೆಳಗಿನ ಸ್ವಿಚ್ ಒಳಗೆ ಇಳಿದರೆ ಬಟನ್ ಗಟ್ಟಿಯಾಗಿ ಕೂತುಬಿಡುತ್ತದೆ. ಬಿಚ್ಚಿದಾಗ ಸೆಲ್‌ನ ಪ್ಲಸ್ ಯಾವ ಕಡೆ ಇತ್ತು ಅಂತ ಫೋಟೋ ತೆಗೆದಿಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಹಳೇ ಸೆಲ್ ಮೇಜಿನ ಮೇಲೆ ಬಿಡಬೇಡಿ. ಸಿಆರ್2032 ಥರದ ನಾಣ್ಯದಾಕಾರದ ಸೆಲ್ ನುಂಗಿದರೆ ಅನ್ನನಾಳದಲ್ಲಿ ಸಿಕ್ಕಿಕೊಂಡು 2 ಗಂಟೆಯೊಳಗೇ ಸುಡಬಹುದು, ಖಾಲಿಯಾದ ಸೆಲ್ ಕೂಡ. ನುಂಗಿದ ಅನುಮಾನ ಬಂದರೂ ಸಾಕು, ತಕ್ಷಣ ಆಸ್ಪತ್ರೆಗೆ ಹೋಗಿ.

ಕವರ್ ಬದಲಿಸಲೇಬೇಕು ಅಂದರೆ ಮೊದಲು ಮಾರುವವರ ಹತ್ತಿರ ಒಳಭಾಗದ ಫೋಟೋ ಕೇಳಿ, ನಿಮ್ಮ ಕೀ ತೆರೆದು ಪಕ್ಕದಲ್ಲಿಟ್ಟು ಹೋಲಿಸಿ. ಚಿಪ್ ಕೂರುವ ಗುಳಿ ಕಾಣದಿದ್ದರೆ ಆ ಕವರ್ ಬೇಡ. ಚಿಪ್ ಅಂಟಿನಲ್ಲಿ ಕಚ್ಚಿಕೊಂಡಿದ್ದರೆ ಮೀಟಬೇಡಿ, ಕೀ ಕೆಲಸ ಗೊತ್ತಿರುವವರ ಕೈಗೆ ಕೊಡಿ.