ರಾಕ್ ಸ್ಟೇಜಿನ ಮುಂದೆ 50 ಎಂಎಂ ಮತ್ತು 70-200

ಮಂಗಳೂರಿನ ಕೊಟ್ಟಾರದ ಹುಡುಗನೊಬ್ಬ ಮೊನ್ನೆ ಕೇಳಿದ, "ಅಣ್ಣ, ರಾಕ್ ಶೋ ಫೋಟೊ ತೆಗೀಬೇಕು ಅಂತಿದ್ದೇನೆ. ಒಂದೇ ಲೆನ್ಸ್‌ಗೆ ದುಡ್ಡಿದೆ. ಯಾವುದು ತಗೊಳ್ಳಲಿ?" ಎಷ್ಟಿದೆ ಅಂದೆ. ಅವನು ಹೇಳಿದ ಮೊತ್ತ ಕೇಳಿದಾಗಲೇ ಅರ್ಧ ಉತ್ತರ ಸಿಕ್ಕಿತು. ಇನ್ನರ್ಧ ಇಲ್ಲಿದೆ.

ನನ್ನ ಹತ್ತಿರ ಇರುವುದು ಕ್ಯಾನನ್ 50 ಎಂಎಂ ಎಫ್ 1.8, ಜೂಮ್ ಇಲ್ಲದ ಪುಟ್ಟ ಲೆನ್ಸ್. ತೂಕ ಸುಮಾರು 160 ಗ್ರಾಂ, ಜೇಬಲ್ಲಿ ಹಾಕಿದರೆ ಗೊತ್ತೇ ಆಗುವುದಿಲ್ಲ. ದೂರದ್ದನ್ನು ಹತ್ತಿರ ತೋರಿಸುವ ಜೂಮ್ ಲೆನ್ಸ್, 70-200 ಎಫ್ 2.8, ಬಾಡಿಗೆಗೆ ತರುತ್ತೇನೆ. ಅದು ಒಂದೂವರೆ ಕೆಜಿ ಹತ್ತಿರ. ಕೊಳ್ಳೋಣ ಅಂದರೆ ಲಕ್ಷದ ಮಾತು. ನಮ್ಮ ಕಡೆ ರಾಕ್ ಫೋಟೊ ತೆಗೆದು ಅಷ್ಟು ದುಡ್ಡು ಹುಟ್ಟುವುದಿಲ್ಲ. ಸುರತ್ಕಲ್‌ನಲ್ಲಿ ಎನ್‌ಐಟಿಕೆ ಕಾಲೇಜಿನ ಹಬ್ಬ ಇನ್ಸಿಡೆಂಟ್, ಮಣಿಪಾಲದಲ್ಲಿ ಎಂಐಟಿ ಕಾಲೇಜಿನ ಹಬ್ಬ ರೆವೆಲ್ಸ್, ನಡುವೆ ಕೆಲವು ಪಬ್‌ಗಳು. ಹೊಟ್ಟೆಗೆ ಮದುವೆ ಫೋಟೊನೇ ಗತಿ.

ಮೊದಲು ಬೆಳಕಿನ ಲೆಕ್ಕ. ಎಫ್ ನಂಬರ್ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು. ಎಫ್ 1.8ರಲ್ಲಿ ಒಳಗೆ ಬರುವ ಬೆಳಕು ಎಫ್ 2.8ಕ್ಕಿಂತ ಸುಮಾರು ಎರಡೂವರೆ ಪಟ್ಟು ಜಾಸ್ತಿ. ಐವತ್ತರಲ್ಲಿ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) 3200 ಸಾಕಾಗುವ ಕಡೆ ದೊಡ್ಡ ಲೆನ್ಸ್‌ಗೆ 8000ದ ಹತ್ತಿರ ಏರಿಸಬೇಕು. ನನ್ನ ಹಳೆ ಕ್ಯಾಮೆರಾ ಬಾಡಿಯಲ್ಲಿ 8000 ಅಂದರೆ ಮುಖದ ಮೇಲೆ ರವೆ ಚೆಲ್ಲಿದ ಹಾಗೆ. ದೊಡ್ಡ ಲೆನ್ಸ್‌ನಲ್ಲಿ ಸ್ಟೆಬಿಲೈಸರ್ ಇದೆಯಲ್ಲ ಅಂತೀರಾ? ಅದು ನನ್ನ ಕೈ ನಡುಗುವುದನ್ನು ತಡೆಯುತ್ತದೆ, ಗಿಟಾರ್‌ನವನು ಹಾರುವುದನ್ನಲ್ಲ. ಅವನು ಹಾರುವಾಗ ಶಟರ್ 1/250 ಸೆಕೆಂಡ್ ಆದರೂ ಬೇಕು.

ಹಾಗಂತ ಐವತ್ತು ಸಾಧು ಪ್ರಾಣಿ ಅಲ್ಲ. ಮಣಿಪಾಲದ ಒಂದು ಶೋದಲ್ಲಿ ಪೂರ್ತಿ ತೆರೆದೇ ತೆಗೆದೆ, ಎಫ್ 1.8. ಸ್ಕ್ರೀನ್‌ನಲ್ಲಿ ಎಲ್ಲ ಚೆಂದ ಕಾಣುತ್ತಿತ್ತು. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ಮೈಕ್‌ನ ಜಾಲರಿಯ ತೂತು ಒಂದೊಂದೂ ಎಣಿಸಬಹುದು, ಹಾಡುವವಳ ಕಣ್ಣು ಮಾತ್ರ ಮಂಜು. ಆಟೋಫೋಕಸ್ ಮುಂದಿರುವ ಮೈಕನ್ನೇ ಹಿಡಿದಿತ್ತು. ನಲವತ್ತು ಫೋಟೊ, ನಲವತ್ತು ಮೈಕ್. ಈಗ ಫೋಕಸ್‌ಗೆ ಸ್ವಲ್ಪ ಆಳ ಸಿಗಲಿ ಅಂತ ಕಿಂಡಿಯನ್ನು ಎಫ್ 2.2ಕ್ಕೆ ಕಿರಿದು ಮಾಡಿ, ಒಂದೇ ಫೋಕಸ್ ಪಾಯಿಂಟನ್ನು ಕಣ್ಣಿನ ಮೇಲೆ ಇಟ್ಟು ಕಾಯುತ್ತೇನೆ. ಅವಳು ಮೈಕ್‌ನಿಂದ ಸ್ವಲ್ಪ ಹಿಂದೆ ಸರಿದ ಕ್ಷಣಕ್ಕೆ.

ಈ ಕಾಯುವುದನ್ನು ಕಲಿತದ್ದು ಯಕ್ಷಗಾನ ಬಯಲಾಟದಲ್ಲಿ. ಧೀಂಗಿಣ ಹಾಕುವ, ಅಂದರೆ ಗಿರಗಿರ ತಿರುಗಿ ಹಾರುವ ವೇಷವನ್ನು ಐವತ್ತರಲ್ಲಿ ಹಿಡಿಯಲು ಬಂದರೆ ಗಿಟಾರ್‌ನವನು ಏನು ಮಹಾ! ಆದರೆ ಆಟದ ರಂಗಸ್ಥಳದಲ್ಲಿ ಬೆಳಕು ಹೆಚ್ಚು ಬದಲಾಗುವುದಿಲ್ಲ, ರಾತ್ರಿಯಿಡೀ ಸಮಯವೂ ಇರುತ್ತದೆ. ರಾಕ್ ಶೋದಲ್ಲಿ ಸ್ಟೇಜಿನ ಮುಂದೆ ನಿಲ್ಲಲು ಬಿಡುವುದು ಮೊದಲ ಮೂರು ಹಾಡಿಗೆ ಮಾತ್ರ, ಫ್ಲ್ಯಾಶ್ ಇಲ್ಲ. "ಅಣ್ಣ, ಮೂರು ಹಾಡಾಯ್ತು, ಹೊರಗೆ ಬನ್ನಿ" ಅಂತ ವಾಲಂಟಿಯರ್ ಬಂದರೆ ಮುಗಿಯಿತು.

ಅಲ್ಲಿಂದ ಆಚೆ ಐವತ್ತು ದಂಡ. ಬ್ಯಾರಿಕೇಡ್ ಹಿಂದೆ, ಸೌಂಡ್ ಡೆಸ್ಕ್ ಹತ್ತಿರ ನಿಂತರೆ ಬ್ಯಾಂಡ್ ಪೂರ್ತಿ ಇರುವೆ ಸಾಲು. ಆಗ 70-200ಕ್ಕೆ ಕೈಮುಗಿಯಬೇಕು. ಡ್ರಮ್ಮರ್ ವಿಷಯದಲ್ಲಂತೂ ಮರುಮಾತಿಲ್ಲ. ಪಾಪ, ಅವನು ಯಾವಾಗಲೂ ಹಿಂದೆ, ಸಿಂಬಲ್‌ಗಳ ಮರೆಯಲ್ಲಿ. ಎರಡು ಸಿಂಬಲ್ ನಡುವಿನ ಸಂದಿಯಲ್ಲಿ ಅವನ ಬೆವರು ಹಾರುವುದನ್ನು ನಾನು ಹಿಡಿದದ್ದು ಬಾಡಿಗೆ ಲೆನ್ಸ್‌ನಲ್ಲೇ.

ಕೆಂಪು ಎಲ್‌ಇಡಿಗೆ ಮಾತ್ರ ಎರಡೂ ಸೋಲುತ್ತವೆ. ಮುಖ ಟೊಮೆಟೊ ಆಗುತ್ತದೆ, ಕಪ್ಪು-ಬಿಳುಪು ಮಾಡಿ ಮಾನ ಉಳಿಸಿಕೊಳ್ಳುವುದು.

ಆದರೂ ಹತ್ತಿರ ನಿಲ್ಲುವುದರ ಮಜಾ ಬೇರೆ. 1979ರಲ್ಲಿ ನ್ಯೂಯಾರ್ಕ್‌ನ ಪಲೇಡಿಯಮ್‌ನಲ್ಲಿ ಕ್ಲ್ಯಾಶ್ ಬ್ಯಾಂಡ್‌ನ ಪಾಲ್ ಸಿಮನನ್ ಬಾಸ್ ಗಿಟಾರನ್ನು ನೆಲಕ್ಕೆ ಬಡಿದ ಫೋಟೊ ನೋಡಿರುತ್ತೀರಿ. ಪೆನ್ನಿ ಸ್ಮಿತ್ ಅದನ್ನು ತೆಗೆದದ್ದು ವೇದಿಕೆಯ ಬದಿಯಲ್ಲೇ ನಿಂತು. ಫೋಕಸ್ ಸರಿ ಇಲ್ಲ ಅಂತ ಅದನ್ನು ಆಲ್ಬಮ್ ಕವರ್‌ಗೆ ಕೊಡಲು ಅವರಿಗೇ ಮನಸ್ಸಿರಲಿಲ್ಲ. ಕೊನೆಗೆ ಕವರ್ ಆದದ್ದು ಅದೇ. ನನ್ನ ನಲವತ್ತು ಮೈಕ್‌ಗಳಿಗೂ ಅದೇ ಸಮಾಧಾನ ಹೇಳಿಕೊಂಡೆ. ಕೆಲಸ ಮಾಡಲಿಲ್ಲ.

ಇನ್ನು ನಮ್ಮೂರ ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬ್ಯಾಗ್‌ನಲ್ಲೇ ಬಿಟ್ಟರೆ ಲೆನ್ಸ್ ಒಳಗೆ ಜೇಡರ ಬಲೆ ಹಾಗೆ ಫಂಗಸ್ ಹಬ್ಬುತ್ತದೆ. ಒಮ್ಮೆ ಬಾಡಿಗೆಗೆ ಬಂದ 70-200ರಲ್ಲಿ ಅದು ಮೊದಲೇ ಇತ್ತು, ನಾನು ಟಾರ್ಚ್ ಹಾಕಿ ನೋಡಿರಲಿಲ್ಲ. ಹಿಂದಿನಿಂದ ಸ್ಟೇಜ್ ಲೈಟ್ ಬಿದ್ದಾಗಲೆಲ್ಲ ಫೋಟೊ ಪೂರ್ತಿ ಹಾಲು ಬಳಿದ ಹಾಗಾಯಿತು. ಬ್ಯಾಂಡ್‌ನವರು "ಎಫೆಕ್ಟ್ ಚೆನ್ನಾಗಿದೆ" ಅಂದರು. ನಾನು ಸುಮ್ನೆ ತಲೆಯಾಡಿಸಿದೆ.

ಹುಡುಗನಿಗೆ ಹೇಳಿದ್ದು ಇಷ್ಟೇ. ಐವತ್ತು ತಗೋ. ಉಳಿದ ದುಡ್ಡಲ್ಲಿ ಗಾಳಿಯಾಡದ ಡಬ್ಬ, ತೇವ ಹೀರುವ ಸಿಲಿಕಾ ಜೆಲ್. ದೊಡ್ಡ ಲೆನ್ಸ್ ಬಾಡಿಗೆಗೆ ತರುವುದು ಆ ಬಾಡಿಗೆಯನ್ನು ಬೇರೆಯವರು ಕೊಡುವ ದಿನ. ತರುವಾಗ ಟಾರ್ಚ್ ಮರೀಬೇಡ.